ವಸಡು ಇನ್ನೂ ಹಸಿ

"ಬಾಯಿ ತಗಿ ಯಪ್ಪಾ. ಹಸಿ ಐತೋ ಒಣಗೇತೋ ನಾನ ನೋಡತೇನಿ."

"ಏನ ನೋಡ್ತಿ? ನಾ ಏನ ಸಂತ್ಯಾಗ ಕಟ್ಟಿದ ಎತ್ತೇನ, ಬಾಯಿ ಕಿಸದು ಹಲ್ಲ ಎಣಸಾಕ?"

"ಎಣಸಾಕ ಒಂದರ ಎಲ್ಲೈತಿ?"

"ನಾಲಿಗಿ ಭಾಳ ಉದ್ದ ಆತು ನಿಂದು. ಹೂಲಿ ನೀರ ಕುಡದು ಬಂದಿ ನೋಡು, ಅದರ ಗುಣಾ."

"ಹೂಲಿಗೆ ಕೊಟ್ಟಾಂವ ನೀನ. ಬಿಡಿಸಿ ತಂದಾಂವನೂ ನೀನ. ಈಗ ನಾ ಎಲ್ಲಿ ನೀರ ಕುಡೀಲಿ ಅದನಾರ ಹೇಳು."

ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಗುರುಬಸವ್ವನ ಕೈ ಅರೆಗಳಿಗೆ ನಿಂತು ಮತ್ತೆ ಬಡಿಯತೊಡಗಿತು. ಮಡಿವಾಳೆಪ್ಪ ಹೆಂಡತಿಯ ಬೆನ್ನು ನೋಡಿದ. ಅದು ಅಲುಗುತ್ತಿತ್ತು. ರೊಟ್ಟಿ ಬಡಿಯುವಾಗ ಯಾರ ಬೆನ್ನಾದರೂ ಅಲುಗುತ್ತದೆ, ಆದರೆ ಅವನಿಗೆ ಅದು ನಗುವಿನ ಅಲುಗಾಟ ಎಂದೇ ಅನ್ನಿಸಿತು. ಹಲ್ಲಿದ್ದಾಗ ಅವನು ಬೈದರೆ ಕೊಟ್ಟಿಗೆಯ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಈಗ ಸಿಟ್ಟು ಹೊಟ್ಟೆಯಿಂದ ಗಂಟಲಿನವರೆಗೆ ಸರಿಯಾಗಿಯೇ ಬರುತ್ತದೆ, ಬಾಯಿಗೆ ಬಂದ ಮೇಲೆ ಅದಕ್ಕೆ ಆತು ನಿಲ್ಲಲು ಏನೂ ಇಲ್ಲ. ಮಾತು ಅರ್ಧ ಗಾಳಿಯಾಗಿ, ಅರ್ಧ ಜೊಲ್ಲಾಗಿ ತುಟಿಯ ಸಂದಿನಿಂದ ಜಾರುತ್ತದೆ. ಬೈದು ಮುಗಿಸಿ ಗದ್ದ ಒರೆಸಿಕೊಳ್ಳಬೇಕಾದ ಮನುಷ್ಯನಿಗೆ ಯಾರು ಹೆದರುತ್ತಾರೆ? ಮಗಳು ಮಹಾನಂದಾ ಹೆದರಿರಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ, ಕೈಕಟ್ಟಿ, ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಕಣ್ಣು ನೋಡಿ ಮಾತಾಡುತ್ತಿದ್ದ ಮಂದಿಯೆಲ್ಲ ಈಗ ಬಾಯಿ ನೋಡಿ ಮಾತಾಡುತ್ತಾರೆ ಎನ್ನುವುದನ್ನು ಅವನು ಗಮನಿಸಿದ್ದ. ಹೆಗಲ ಮೇಲಿನ ಟವೆಲ್ ಎಳೆದು ಬಾಯಿಗೆ ಹಿಡಿದುಕೊಂಡು, "ಇನ್ನಾ ಹಸಿ ಐತಿ ಅಂದ್ರ ಹಸಿ ಐತಿ," ಎಂದು ಹೊರಗಿನ ಕಟ್ಟೆಗೆ ಹೋಗಿ ಕೂತ.

ಕೂತ ಕೂಡಲೇ ನಾಲಿಗೆ ತನ್ನ ಕೆಲಸ ಶುರುಮಾಡಿತು. ಅದು ಈಗ ಅವನ ಮಾತು ಕೇಳುವುದಿಲ್ಲ. ಬಿಡುವು ಸಿಕ್ಕರೆ ಸಾಕು, ಬಲಗಡೆಯ ಮೂಲೆಯಿಂದ ಹೊರಟು ವಸಡಿನ ಬದುವಿನ ಮೇಲೆ ಎಡಗಡೆಯ ಮೂಲೆಯವರೆಗೆ ನಡೆದು, ಮತ್ತೆ ತಿರುಗಿ ಬರುತ್ತದೆ. ಹಲ್ಲು ಕಿತ್ತಿಸಿಕೊಂಡ ಮೊದಲಲ್ಲಿ ಅಲ್ಲಿ ಬರೀ ತಗ್ಗುಗಳಿದ್ದವು, ಗಿಡದ ಬೊಡ್ಡೆ ಕಿತ್ತ ಹೊಲದ ಹಾಗೆ. ತಗ್ಗಿನಲ್ಲಿ ಹೆಪ್ಪುಗಟ್ಟಿದ ರಕ್ತದ ಕಬ್ಬಿಣದಂಥ ರುಚಿ ಇತ್ತು, ಅದನ್ನು ಕೆದಕಬೇಡಿ ಎಂದು ಡಾಕ್ಟರ್ ಹೇಳಿದ್ದಳು, ಇವನು ಕೆದಕುತ್ತಿದ್ದ. ಗುರುಬಸವ್ವ ಮುಂಜಾನೆ ಸಂಜೆ ಉಪ್ಪು ಹಾಕಿದ ಬಿಸಿನೀರು ಕೊಡುತ್ತಿದ್ದಳು. ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಗಲ್ಲ ಉಬ್ಬಿಸಿ ಮುಕ್ಕಳಿಸುವಾಗ ಆ ಬಿಸಿ ತಗ್ಗುಗಳಿಗೆ ಇಳಿದು ನೋವನ್ನೆಲ್ಲ ಸಡಿಲ ಮಾಡುತ್ತಿತ್ತು, ಆಗ ಅವನಿಗೆ ಒಂದು ಬಗೆಯ ಸುಖವಾಗುತ್ತಿತ್ತು. ಮುಂದೊಂದು ದಿನ ಕೆಳಗಿನ ವಸಡಿನಿಂದ ಎಲುಬಿನ ಚೂರೊಂದು ಮುಳ್ಳಿನಂತೆ ತಲೆ ಹಾಕಿತು. ಮತ್ತೆ ಹಲ್ಲು ಮೂಡುತ್ತಿದೆಯೇನೋ ಎಂದುಕೊಂಡು ಒಂದು ರಾತ್ರಿ ಪೂರ್ತಿ ಯಾರಿಗೂ ಹೇಳದೆ ಖುಷಿಪಟ್ಟಿದ್ದ. ಡಾಕ್ಟರ್ ಅದನ್ನು ಚಿಮಟಿಗೆಯಲ್ಲಿ ಎತ್ತಿ ತೋರಿಸಿ ಬಿಸಾಕಿದಳು. ಆಮೇಲೆ ತಗ್ಗುಗಳು ತುಂಬಿಕೊಂಡವು. ಅಂಚುಗಳು ಒಂದಕ್ಕೊಂದು ಸರಿದು ಕೂಡಿದವು. ಈಗ ಅಲ್ಲಿ ನುಣುಪಾದ, ಗಟ್ಟಿಯಾದ ಬದು ಇದೆ, ಬೆರಳಿಟ್ಟು ಒತ್ತಿದರೂ ನೋವಿಲ್ಲ. ಹೋದ ಸಲ ಡಾಕ್ಟರ್ ಗಲ್ಲ ಹಿಗ್ಗಿಸಿ ನೋಡಿ, "ಪೂರಾ ಕೂಡ್ಯಾವ್ರಿ ಕಾಕಾ, ಹಲ್ಲ ಕಟ್ಟಿಸಾಕ ಅಳತಿ ತಗೊಳ್ಳೂಣು, ಲಗೂನ ಬರ್ರಿ," ಅಂದಿದ್ದಳು. ಮನೆಗೆ ಬಂದಾಗ ಮಹಾನಂದಾ ಅಂಗಳದಲ್ಲೇ ನಿಂತಿದ್ದಳು. ಏನಂದ್ರು ಎಂದು ಕೇಳಿದಳು. "ಇನ್ನಾ ಹಸಿ ಐತಿ ಅಂದ್ರು," ಎಂದಿದ್ದ. ಹಾಗೆ ಅನ್ನಬೇಕೆಂದು ಬಸ್ಸಿನಲ್ಲಿ ಬರುತ್ತ ಯೋಚಿಸಿರಲಿಲ್ಲ. ಮಾತು ತಾನೇ ಬಂತು, ಬಂದ ಮೇಲೆ ಅದನ್ನು ಒಳಗೆ ಎಳೆದುಕೊಳ್ಳಲು ಆಗಲಿಲ್ಲ.

ಅವನ ವಸಡು ಮಾಗುವುದಕ್ಕೂ ಮಗಳ ಸಂಸಾರಕ್ಕೂ ಗಂಟು ಬಿದ್ದದ್ದು ಹೂಲಿಯ ಬೀಗರ ಮನೆಯಲ್ಲಿ. ಮಗಳನ್ನು ನೋಡಿ ಬರೋಣ ಎಂದು ಹೋದವನು ಊಟಕ್ಕೆ ಕೂತಿದ್ದ. ಪಕ್ಕದಲ್ಲಿ ಅಳಿಯ ಸುಭಾಸ, ಎದುರಿಗೆ ಅಳಿಯನ ಅಪ್ಪ ಕಾಡಪ್ಪ. ಮಹಾನಂದಾ ನೀಡುತ್ತಿದ್ದಳು. ಕಟಕ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನ ಮುಂದಿನ ಹಲ್ಲು ಅಲುಗಾಡುತ್ತಿದ್ದದ್ದು ಹಳೆಯ ಮಾತು. ವರ್ಷಗಟ್ಟಲೆ ತಂಬಾಕು ತಿಕ್ಕಿದ ವಸಡು ಕೀವಾಗಿ, ಎಲ್ಲ ಹಲ್ಲೂ ನೀರಲ್ಲಿ ನಿಂತ ಗೂಟದ ಹಾಗೆ ಆಗಿದ್ದವು. ರೊಟ್ಟಿ ಕಚ್ಚಿ ಎಳೆದ. ಚೂರು ಬಾಯಿಗೆ ಬಂತು, ಹಲ್ಲು ರೊಟ್ಟಿಯಲ್ಲೇ ಉಳಿಯಿತು. ಅವನಿಗೆ ತಿಳಿಯಲೇ ಇಲ್ಲ. ಆ ರೊಟ್ಟಿಯನ್ನು ತಾಟಿನ ಅಂಚಿಗಿಟ್ಟು ಪಲ್ಯ ಹಚ್ಚಿಕೊಳ್ಳುತ್ತಿದ್ದಾಗ ಕಾಡಪ್ಪ, "ಬೀಗರ, ನಮ್ಮ ರೊಟ್ಟಿ ಸೇರೇತಿ ಅಂತ ಹಲ್ಲ ಇಲ್ಲೇ ಒತ್ತಿ ಇಟ್ಟ ಹೊಂಟ್ರೇನು?" ಎಂದ. ಬೀಗರು ಬೀಗರಿಗೆ ಚೇಷ್ಟೆ ಮಾಡುವುದು ಇದ್ದದ್ದೇ. ಮಡಿವಾಳೆಪ್ಪನೂ ಮದುವೆಯಲ್ಲಿ ಕಾಡಪ್ಪನ ಹೊಟ್ಟೆಯ ಮೇಲೆ ಚೇಷ್ಟೆ ಮಾಡಿ ಚಪ್ಪರದವರನ್ನೆಲ್ಲ ನಗಿಸಿದ್ದ. ಆದರೆ ಅವತ್ತು ತಲೆಯೆತ್ತುವುದರೊಳಗೆ ಬೆನ್ನ ಹಿಂದೆ ಒಂದು ನಗು ಸಿಡಿಯಿತು. ತಡೆಯಲಾಗದೆ ಮೂಗಿನಿಂದ ಹೊರಬಿದ್ದ, ತಕ್ಷಣ ಸೆರಗಿನಲ್ಲಿ ಮುಚ್ಚಿಹೋದ ನಗು. ಅವನು ತಾಟು ಒದ್ದ. ಪಲ್ಯ ಗೋಡೆಗೆ ಹಾರಿತು. "ಉಟ್ಟ ಸೀರ್ಯಾಗ ನಡಿ," ಎಂದು ಮಗಳ ರಟ್ಟೆ ಹಿಡಿದ. ಕಾಡಪ್ಪ ನಕ್ಕ, ಕಾಡಪ್ಪ ನಕ್ಕ ಎಂದು ತನ್ನೂರು ಚಚಡಿಯ ತುಂಬ ಹೇಳಿಕೊಂಡು ತಿರುಗಿದ. ಕಾಡಪ್ಪ ನಕ್ಕಿದ್ದನೋ ಇಲ್ಲವೋ ಅವನಿಗೆ ಇವತ್ತಿಗೂ ನೆನಪಿಲ್ಲ. ಮೊದಲು ನಕ್ಕವಳು ಮಹಾನಂದಾ. ಅದನ್ನು ಮಾತ್ರ ಅವನು ಯಾರ ಮುಂದೆಯೂ ಹೇಳಲಿಲ್ಲ, ಹೆಂಡತಿಯ ಮುಂದೆಯೂ.

ಉಣ್ಣುವ ತಾಟು ಒದೆಯುವುದೆಂದರೆ ಈ ಕಡೆ ಸಣ್ಣ ಮಾತಲ್ಲ. ಎರಡೂ ಊರಿನ ಹಿರಿಯರು ಕೂತರು. ಕಾಲಿಗೆ ಬೀಳುವುದು ಬೇಡ, ತಪ್ಪಾಯಿತು ಅನ್ನುವುದೂ ಬೇಡ ಎಂದರು. ಒದ್ದವನು ಅದೇ ಮನೆಯಲ್ಲಿ, ಅದೇ ಪಂಕ್ತಿಯಲ್ಲಿ ಕೂತು ಒಂದು ರೊಟ್ಟಿ ಉಂಡು ಏಳಲಿ, ಉಂಡಲ್ಲಿಗೆ ಮುಗಿಯಿತು, ಮಗಳು ಅವತ್ತೇ ಅಲ್ಲಿ ಉಳಿಯಲಿ. ಅಲ್ಲಿಯತನಕ ಈ ಮನೆಯವರು ಆ ಮನೆಯ ನೀರು ಮುಟ್ಟುವಂತಿಲ್ಲ, ಸುಭಾಸ ಕರೆಯಲು ಬರುವಂತಿಲ್ಲ. ಹೂಂ ಎಂದು ಬಂದ ಮಡಿವಾಳೆಪ್ಪ ಮರುವಾರವೇ ಸವದತ್ತಿಗೆ ಹೋಗಿ ಉಳಿದ ಹಲ್ಲುಗಳನ್ನೂ ಕಿತ್ತಿಸಿ, "ಹಲ್ಲ ಕಟ್ಟಿಸಿಕೊಂಡ ಮ್ಯಾಲ ಉಣ್ಣಾಕ ಬರತೇನಿ, ಬೊಚ್ಚಬಾಯಿಲೆ ಬರೂದಿಲ್ಲ," ಎಂದು ಹೇಳಿಕಳಿಸಿದ. ಹೂಲಿಯವರು ಆಗಲಿ ಎಂದರು. ಅಂದಿನಿಂದ ಎರಡು ಊರು ಅವನ ಬಾಯಿ ಕಾಯುತ್ತಿದ್ದವು. ಚಹಾ ಅಂಗಡಿಯ ಪರಸಪ್ಪ, "ಕಾಕಾ, ಹಲ್ಲ ಬಂದ್ವೇನ?" ಎಂದು ಹಸುಗೂಸನ್ನು ಕೇಳಿದಂತೆ ಕೇಳುತ್ತಿದ್ದ. ಒಮ್ಮೆ ಅವನಿಗೆ ಬೈಯಲು ಹೋದಾಗ, "ಸ್ವಲ್ಪ ದೂರ ನಿಂತ ಬೈರಿ ಕಾಕಾ, ಮಳಿ ಬಂದಂಗ ಆಗತೈತಿ, ಭಜಿ ತೊಯ್ದಾವು," ಎಂದ. ಅಲ್ಲಿದ್ದವರೆಲ್ಲ ನಕ್ಕರು. ಆ ನಗು ಇವನನ್ನು ಚುಚ್ಚಲಿಲ್ಲ. ಚುಚ್ಚಿದ್ದು ಒಂದೇ ನಗು.

ಮೊನ್ನೆ ಹೊಲದಲ್ಲಿ, ಬಣವೆಯ ಮರೆಗೆ ಕೂತು, ಗುರುಬಸವ್ವ ಹೊಲದಾಳುಗಳಿಗೆ ಕಟ್ಟಿಕೊಟ್ಟ ಬುತ್ತಿಯಿಂದ ಒಂದು ರೊಟ್ಟಿ ತೆಗೆದುಕೊಂಡಿದ್ದ. ಸುಮ್ಮನೆ ನೋಡೋಣ ಅನ್ನಿಸಿತ್ತು. ಒಂದು ಚೂರು ಮುರಿದು ಬಾಯಲ್ಲಿಟ್ಟು, ಜೊಲ್ಲಿನಲ್ಲಿ ನೆನೆಯಲು ಬಿಟ್ಟು, ಆಮೇಲೆ ಮೇಲಿನ ಬದುವನ್ನು ಕೆಳಗಿನ ಬದುವಿಗೆ ಒತ್ತಿದ. ರೊಟ್ಟಿ ಮಣಿಯಿತು. ಜೋಳದ ಸಿಹಿ ಗಂಟಲಿಗೆ ಇಳಿಯಿತು. ಎಷ್ಟೋ ಕಾಲದಿಂದ ನುಚ್ಚು, ಅಂಬಲಿ, ಹೆಸರುಬೇಳೆಯ ನೀರು ಕುಡಿದ ಬಾಯಿಗೆ ಅದು ಹಬ್ಬವಾಗಿತ್ತು. ಇಡೀ ರೊಟ್ಟಿ ತಿಂದ. ಕೊನೆಯ ಚೂರು ನುಂಗುವಾಗ ಅವನಿಗೆ ಹೊಳೆಯಿತು. ರೊಟ್ಟಿ ತಿನ್ನಲು ಹಲ್ಲೇ ಬೇಡ ಎಂದಾದರೆ ಹೂಲಿಗೆ ನಾಳೆಯೇ ಹೋಗಬಹುದು. ಸುತ್ತ ನೋಡಿದ. ಯಾರೂ ಇರಲಿಲ್ಲ. ಕದ್ದವನ ಹಾಗೆ ಬಾಯಿ ಒರೆಸಿಕೊಂಡು ಬಂದು, ರಾತ್ರಿ ನುಚ್ಚಿಗೆ ಮಜ್ಜಿಗೆ ಸಾಲದೆಂದು ಹೆಂಡತಿಗೆ ಬೈದ. ಮಗಳು ಎದ್ದು ಇನ್ನಷ್ಟು ಮಜ್ಜಿಗೆ ತಂದು ಹಾಕಿ, ನುಚ್ಚಿನ ಗಂಟುಗಳನ್ನು ಬೆರಳಿನಿಂದ ಒಡೆದು ಮೆತ್ತಗೆ ಮಾಡಿ ಕೊಟ್ಟಳು. ಅವಳು ಬಾಗಿದಾಗ ನೆತ್ತಿಯ ಬೈತಲೆ ಕಂಡಿತು. ಇವಳು ನನ್ನ ಮನೆಯಲ್ಲಿದ್ದಾಳೆ, ನಗುತ್ತಿಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ಸಮಾಧಾನವೂ ಆಯಿತು, ತನ್ನ ಮೇಲೆ ಹೇಸಿಗೆಯೂ ಆಯಿತು. ಎರಡೂ ಒಂದೇ ತುತ್ತಿನಲ್ಲಿ ಇಳಿದವು.

"ನಡಿ. ಸವದತ್ತಿಗೆ ನಾನೂ ಬರತೇನಿ."

ಮಹಾನಂದಾ ಕಟ್ಟೆಯ ಮುಂದೆ ನಿಂತಿದ್ದಳು. ಸೀರೆ ಬದಲಿಸಿ, ಹೆಗಲಿಗೆ ಸಣ್ಣ ಕೈಚೀಲ ಹಾಕಿಕೊಂಡಿದ್ದಳು. ಬಾಗಿಲಲ್ಲಿ ಗುರುಬಸವ್ವ ಹಿಟ್ಟಿನ ಕೈಯಲ್ಲೇ ನಿಂತು, "ಕರಕೊಂಡ ಹೋಗ್ರಿ. ಡಾಕ್ಟರ್ ಏನ ಹೇಳ್ತಾರ ಅಕಿನೂ ಕೇಳಲಿ," ಎಂದಳು. ಬೇಡ ಅನ್ನಲು ಅವನಿಗೆ ಒಂದು ಕಾರಣ ಬೇಕಿತ್ತು. ಹುಡುಕಿದ, ಸಿಗಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದ.

ಬಸ್ಸಿನಲ್ಲಿ ಕಿಟಕಿಯ ಕಡೆ ಮಗಳು, ಈ ಕಡೆ ಅವನು. ಕಂಡಕ್ಟರ್ ಅವಳ ಆಧಾರ್ ಕಾರ್ಡು ನೋಡಿ ಪುಕ್ಕಟೆ ಚೀಟಿ ಹರಿದು ಕೊಟ್ಟ. ಕಾರ್ಡಿನ ಮೇಲೆ ಹೂಲಿಯ ವಿಳಾಸವಿತ್ತು, ಅವನು ಮುಖ ತಿರುಗಿಸಿದ. ಹೊರಗೆ ಕಪ್ಪು ಹೊಲಗಳಲ್ಲಿ ಕಡಲೆ ಹಸಿರಾಗಿ ಹಬ್ಬಿತ್ತು. ಸ್ವಲ್ಪ ದೂರ ಹೋಗುವುದರೊಳಗೆ ಅವಳ ಫೋನು ಬಡಿಯಿತು. "ಹೂಂ… ಬಸ್ಸಿನ್ಯಾಗ ಅದೇನಿ… ಅಪ್ಪನ ಕೂಡ… ಇಲ್ಲ, ನೀವ ಬರಬ್ಯಾಡ್ರಿ, ಹಿರೇರು ಏನರ ಅಂದಾರು… ಹಂಗಂದ್ರ ನಾ ಏನ ಮಾಡ್ಲಿ?" ಆ ಕಡೆಯ ಸುಭಾಸನ ದನಿ ಕೇಳುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಅವಳೇ ಹೇಳಿದಳು, "ಹೂಲ್ಯಾಗ ನನ್ನ ಹೊಲಿಗಿ ಮಷೀನ್ ಮ್ಯಾಲ ಮಂದಿ ಬ್ಲೌಸ್ ಕತ್ತರಿಸಿದ್ದು ಹಂಗ ಬಿದ್ದಾವ ಯಪ್ಪಾ. ಒಬ್ಬಾಕಿ ಮದುವಿ ಮುಗದ ಹೋತಂತ. ಕತ್ತರಿಸಿದ ಅರಿವಿ ಅಕಿ ಬ್ಯಾರೆ ಕಡೆ ಒಯ್ದು ಹೊಲಿಸಾಕೂ ಬರೂದಿಲ್ಲ." ಅವನು ಹೂಂ ಎಂದ. ಈಗ ಹೇಳಿಬಿಡಬಹುದು ಅನ್ನಿಸಿತು. ಡಾಕ್ಟರ್ ಹೋದ ಸಲವೇ ಹೇಳಿದ್ದಾಳೆ, ಇವತ್ತು ಅಳತೆ ಕೊಟ್ಟು ಮುಂದಿನ ವಾರ ಹೋಗೋಣ. ಇಲ್ಲ, ಅಳತೆಯೂ ಬೇಡ, ಹಿಂಗೇ ಹೂಲಿಗೆ ಹೋಗೋಣ ನಡಿ, ಬೊಚ್ಚಬಾಯಲ್ಲೇ ಉಣ್ಣುತ್ತೇನೆ. ಮಾತುಗಳು ಸಾಲಾಗಿ ಬಂದು ವಸಡಿನ ಹಿಂದೆ ನಿಂತವು. ಅವನು ತುಟಿ ತೆರೆದ.

"ಯಪ್ಪಾ," ಮಹಾನಂದಾ ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು, "ಅವತ್ತ ನಾ ನಕ್ಕದ್ದು ನಿನಗ ಕೇಳಿಸಿತ್ತೇನ?"

"ಯಾವತ್ತ?"

ಅವಳು ತಿರುಗಿ ಅವನ ಕಣ್ಣು ನೋಡಿದಳು. ಬಾಯಿಯನ್ನಲ್ಲ.

"ನೀ ಸಣ್ಣಾಕಿದ್ದಾಗ ನನ್ನ ಎತ್ತಿನ ಮ್ಯಾಲ ಕುಂದರಸ್ತಿದ್ದಿ. ಒಮ್ಮೆ ಎತ್ತು ಬಾಲಾ ಬೀಸಿದ್ದಕ್ಕ ನಿನ್ನ ರುಮಾಲ ಕೆಸರಾಗ ಬಿದ್ದಿತ್ತು ನೋಡು. ಆವಾಗ ನಾ ನಕ್ಕಿದ್ದೆ. ನೀನೂ ನಕ್ಕಿದ್ದಿ," ಎಂದಳು. ಹೇಳುತ್ತ ಹೇಳುತ್ತ ತಾನೇ ತಿದ್ದಿಕೊಂಡಳು, "ನೀ ಸಣ್ಣಾಕಿ ಅಂತೇನಿ ನೋಡು, ನಾ ಸಣ್ಣಾಕಿ," ಎಂದು ಮೂಗಿನಿಂದ ನಕ್ಕಳು. ಅದೇ ನಗು. ಅದರಲ್ಲಿ ಏನೂ ಇರಲಿಲ್ಲ. ಬಿಂದಿಗೆ ತುಂಬಿದಾಗ ನೀರು ತುಳುಕಿದ ಹಾಗೆ ಇತ್ತು, ಅಷ್ಟೇ. ಇಷ್ಟಕ್ಕಾಗಿಯೇ ನಾನು ತಾಟು ಒದ್ದೆನೇ ಎಂದು ಅವನು ಬೆಚ್ಚಿದ. ಅವಳು ಕೇಳಿದ್ದಕ್ಕೆ ಹೌದು ಅನ್ನಲು ಇನ್ನೂ ಹೊತ್ತಿತ್ತು. ಬದಲಿಗೆ "ರುಮಾಲಂತ," ಎಂದು ಗೊಣಗಿ ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. "ಏನಿಲ್ಲ ಬಿಡು," ಎಂದು ಅವಳು ಮತ್ತೆ ಕಿಟಕಿಗೆ ತಿರುಗಿದಳು.

ಹಲ್ಲಿನ ದವಾಖಾನೆ ಮಾರ್ಕೆಟ್ಟಿನ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಡಾಕ್ಟರ್ ಮಹಾನಂದಾಳ ವಯಸ್ಸಿನ ಹುಡುಗಿ. ಕುರ್ಚಿ ಹಿಂದಕ್ಕೆ ಮಲಗಿತು, ದೀಪ ಕಣ್ಣಿಗೆ ಬಂತು, ರಬ್ಬರಿನ ಬೆರಳು ಗಲ್ಲದೊಳಗೆ ಸರಿಯಿತು. ಅವನು ಮೇಲಿನ ಫ್ಯಾನು ನೋಡುತ್ತಿದ್ದ. ಬೆರಳು ಬಲಗಡೆಯಿಂದ ಎಡಗಡೆಗೆ ಬದುವಿನ ಮೇಲೆ ನಡೆಯಿತು. ಒಂದು ಕಡೆಯಾದರೂ ನೋಯಲಿ, ಒಂದು ತೊಟ್ಟು ರಕ್ತವಾದರೂ ಬರಲಿ ಎಂದು ಅವನು ಉಸಿರು ಹಿಡಿದು ಬೇಡಿಕೊಂಡ. ಎಲ್ಲೂ ನೋಯಲಿಲ್ಲ.

"ಭಾಳ ಛಂದ ಮಾಗೇತ್ರಿ ಕಾಕಾ. ಮತ್ತ ಯಾಕ ಬರಲಿಲ್ಲ? ಅಳತಿಗೆ ಲಗೂನ ಬರ್ರಿ ಅಂತ ಹೋದ ಸಲಾನ ಹೇಳಿದ್ನೆಲ್ಲ."

ಬಾಗಿಲ ಬಳಿ ನಿಂತಿದ್ದ ಮಹಾನಂದಾ ಕೇಳಿದಳು, "ಹೋದ ಸಲಾನ ಮಾಗಿತ್ತೇನ್ರಿ ಮೇಡಮ್ಮಾರ?"

"ಹೂನ್ರಿ ಅಕ್ಕಾ. ಎರಡೂ ವಸಡು ಆವಾಗನ ಕೂಡಿದ್ವು."

ಕುರ್ಚಿಯಲ್ಲಿ ಅಂಗಾತ ಮಲಗಿದವನಿಗೆ ದೀಪ ಅಡ್ಡವಾಗಿ ಮಹಾನಂದಾಳ ಮುಖ ಕಾಣುತ್ತಿರಲಿಲ್ಲ, ಸೀರೆಯ ಅಂಚು, ಚಪ್ಪಲಿ ಮಾತ್ರ ಕಾಣುತ್ತಿತ್ತು. ಅವಳು ಕೂಗಾಡಲಿ ಎಂದು ಕಾದ. ಕೂಗಾಡಿದರೆ ತಾನೂ ಕೂಗಾಡಬಹುದಿತ್ತು. ಡಾಕ್ಟರ್ ರಬ್ಬರಿನ ಬಟ್ಟಲಲ್ಲಿ ಗುಲಾಬಿ ಪುಡಿಗೆ ನೀರು ಹಾಕಿ ಗಸಗಸ ಕಲಸಿದಳು. ಪೆಪ್ಪರಮಿಂಟಿನ ವಾಸನೆ ಬಂತು. ಕುದುರೆ ಲಾಳದಂಥ ತಗಡಿನ ಅಚ್ಚಿನಲ್ಲಿ ಆ ಹಿಟ್ಟು ತುಂಬಿ, "ಇದು ಗಟ್ಟಿ ಆಗೂತನಾ ಮಾತಾಡಬಾರದು, ಅಲಗಬಾರದು. ಅಲಗಿದ್ರ ಅಳತಿ ಕೆಡತೈತಿ. ಮೂಗಿಲೆ ಉಸರ ಬಿಡ್ರಿ," ಎಂದು ಬಾಯಿಗೆ ಇಟ್ಟು ಬೆರಳಿನಿಂದ ಒತ್ತಿ ಹಿಡಿದಳು. ಬಾಯಿ ತುಂಬಿತು. ತಣ್ಣನೆಯ ಹಿಟ್ಟು ಬದುವಿನ ಎರಡೂ ಬದಿಗೆ ಇಳಿಯಿತು, ಅಂಗುಳಿಗೆ ಹತ್ತಿತು, ಗಂಟಲಿನ ಕಡೆ ಸರಿಯಿತು. ಓಕರಿಕೆ ಬಂದು ಕಣ್ಣಲ್ಲಿ ನೀರಾಡಿತು.

ಚಪ್ಪಲಿಗಳು ಹತ್ತಿರ ಬಂದವು. ಮಗಳ ಮುಖ ಮೇಲಿನಿಂದ ಬಾಗಿತು. ದೀಪದ ಹಿಂದೆ ಅದು ಕಪ್ಪಾಗಿ ಕಂಡಿತು, ದನಿ ಮಾತ್ರ ಶಾಂತವಾಗಿತ್ತು.

"ಅಲಗಬ್ಯಾಡ ಯಪ್ಪಾ, ಅಳತಿ ಕೆಡತೈತಂತ. ನಾ ಹೂಲಿಗೆ ಹೊಂಟೇನಿ."

ಅವನ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಡಾಕ್ಟರ್, "ಸುಮ್ಮನಿರ್ರಿ ಕಾಕಾ," ಎಂದಳು.

"ಕರೀದ, ಕಳಸದ ಹೋದಾಕಿ ಅಂತಾರ. ಅನ್ಲಿ. ಹಂಗ ಹೋದಾಕಿ ಮತ್ತ ತವರಿಗೆ ಬರಾಕ ಬರೂದಿಲ್ಲ, ಅದೂ ಗೊತ್ತೈತಿ. ನೀ ಯಾಕ ಬಂದಿಲ್ಲ ಅಂತ ಅಲ್ಲಿ ಕೇಳತಾರ. ವಸಡು ಇನ್ನಾ ಹಸಿ ಐತಿ ಅಂತ ಹೇಳತೇನಿ. ನೀ ಸುಳ್ಳ ಹೇಳಿದ್ದಿ ಅಂತ ಆ ಮನ್ಯಾಗ ಯಾರಿಗೂ ಗೊತ್ತಾಗೂದಿಲ್ಲ." ಅವನ ಗದ್ದದ ಮೇಲೆ ಇಳಿಯುತ್ತಿದ್ದ ಜೊಲ್ಲನ್ನು ಟವೆಲ್ಲಿನ ತುದಿಯಿಂದ ಒರೆಸಿದಳು. "ಅವ್ವಗ ಹೇಳು, ನನ್ನ ಸೀರಿ ಕಳಸೂದು ಬ್ಯಾಡಂತ. ಅಕಿನ ಉಟ್ಟುಕೊಳ್ಳಲಿ."

ಎದ್ದು ಕೂರಬಹುದಿತ್ತು. ಅಚ್ಚನ್ನು ಕಿತ್ತು ಬಿಸಾಕಿ, ಹಿಟ್ಟು ಉಗುಳಿ, ನಿಲ್ಲು ಅನ್ನಬಹುದಿತ್ತು. ಯಾರೂ ಅವನನ್ನು ಕಟ್ಟಿಹಾಕಿರಲಿಲ್ಲ, ಒಂದು ಹೆಣ್ಣುಹುಡುಗಿಯ ಎರಡು ಬೆರಳು ಮಾತ್ರ ಬಾಯಲ್ಲಿದ್ದವು. ಆದರೆ ಅಲುಗಿದರೆ ಅಳತೆ ಕೆಡುತ್ತದೆ ಎಂಬ ಮಾತು ಅವನ ಮೈತುಂಬ ಹರಡಿ ಕೂತಿತ್ತು, ಆ ಮಾತಿನ ಮರೆಯಲ್ಲಿ ಅವನು ಮಲಗಿದ್ದ. ಸೀರೆಯ ಅಂಚು ಬಾಗಿಲಾಚೆ ಸರಿಯಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿಯುತ್ತ ಹೋಯಿತು, ಕೆಳಗೆ ಬಟ್ಟೆ ಅಂಗಡಿಯವರ ಗದ್ದಲದಲ್ಲಿ ಸೇರಿಹೋಯಿತು. ಬಾಯೊಳಗೆ ಹಿಟ್ಟು ಮೆಲ್ಲಗೆ ಬಿಸಿಯಾಗಿ ಗಟ್ಟಿಯಾಗುತ್ತಿತ್ತು.

"ಆತ್ರಿ," ಎಂದು ಡಾಕ್ಟರ್ ಅಚ್ಚನ್ನು ಅಲುಗಿಸಿ ಎಳೆದಳು. ಚಪ್ ಎಂದು ಬಿಟ್ಟುಕೊಂಡಿತು. ಬೆಳಕಿಗೆ ಹಿಡಿದು ನೋಡಿ, "ಏನೂ ಕೆಟ್ಟಿಲ್ಲ, ಭಾಳ ಛಂದ ಬಂದೈತಿ," ಎಂದು ಅವನಿಗೂ ತೋರಿಸಿದಳು. ಗುಲಾಬಿ ಹಿಟ್ಟಿನಲ್ಲಿ ಅವನ ವಸಡಿನ ಒಂದೊಂದು ಏರೂ ತಗ್ಗೂ ಮೂಡಿತ್ತು. ಕೆಳಗಿನ ವಸಡಿನ ಅಚ್ಚನ್ನೂ ತೆಗೆದಳು. ಅವನು ಬಾಯಿ ತೆಗೆ ಎಂದಾಗ ತೆಗೆದ, ಮುಚ್ಚು ಎಂದಾಗ ಮುಚ್ಚಿದ. ಮುಕ್ಕಳಿಸಿ ಉಗುಳಿದಾಗ ನೀರು ತಿಳಿಯಾಗಿತ್ತು, ರಕ್ತದ ಎಳೆ ಕೂಡ ಇರಲಿಲ್ಲ.

"ನಿಮ್ಮ ಮಗಳು ಎಲ್ಲಿ ಹೋದ್ರು? ಮುಂದ ಯಾವಾಗ ಬರಬೇಕಂತ ಅವರಿಗೆ ಹೇಳತೇನಿ."

"ಹೊರಗದಾಳ," ಎಂದ. "ಬರತಾಳ."

ಹೊರಗಿನ ಬೆಂಚಿನ ತುದಿಯಲ್ಲಿ ಕೂತ. ಗಲ್ಲ ಊದಿದವರು, ಟವೆಲ್ಲು ಒತ್ತಿ ಹಿಡಿದವರು ಸಾಲಾಗಿ ಕೂತಿದ್ದರು. ಕಿಟಕಿಯಿಂದ ಕೆಳಗಿನ ರಸ್ತೆ ಕಾಣುತ್ತಿತ್ತು, ಬಸ್‌ಸ್ಟ್ಯಾಂಡು ಕಾಣುತ್ತಿರಲಿಲ್ಲ, ಬಸ್ಸುಗಳ ಹಾರ್ನು ಮಾತ್ರ ಕೇಳುತ್ತಿತ್ತು. ಯಾವುದು ಹೂಲಿಯದೋ ಅವನಿಗೆ ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ತಲೆಯೆತ್ತಿ ನೋಡಿದ. ಒಬ್ಬಳು ಮುದುಕಿ, ದವಡೆ ಹಿಡಿದುಕೊಂಡು ಮೇಲೆ ಬಂದವಳು, ಅವನ ಪಕ್ಕದ ಖಾಲಿ ಜಾಗ ನೋಡಿ, "ಇಲ್ಲಿ ಯಾರರ ಅದಾರೇನ್ರಿ ಅಣ್ಣಾ?" ಎಂದು ಕೇಳಿದಳು. ಅವನು ಆ ಜಾಗದ ಮೇಲೆ ಅಂಗೈ ಇಟ್ಟ.

"ಅದಾರ್ರಿ."

ಮುದುಕಿ ಗೋಡೆಗೆ ಒರಗಿ ನಿಂತಳು. ಅವಳಿಗೆ ನೋವು ಜಾಸ್ತಿ ಇದ್ದಂತಿತ್ತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಒಳಗಿನಿಂದ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಬಿಸಿಲು ಕಿಟಕಿಯಿಂದ ಇಳಿದು ಬೆಂಚಿನ ಕಾಲಿನ ಬಳಿ ಬಂತು. ಮಡಿವಾಳೆಪ್ಪ ಬಹಳ ಹೊತ್ತಿನ ಮೇಲೆ ಅಂಗೈ ತೆಗೆದು ಮಡಿಲಲ್ಲಿಟ್ಟುಕೊಂಡ.

"ಕುಂದರ್ರಿ ಯವ್ವಾ," ಎಂದ. "ಯಾರೂ ಇಲ್ಲ."